ಅಂಗಳದಲ್ಲೊಂದು ಮಳೆಯ ಲೆಕ್ಕ

ಮಳೆಯನ್ನು ನಂಬಿ ಬದುಕುವ ನಾಡು ನಮ್ಮದು. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳ ಜಿಲ್ಲೆಗಳಲ್ಲಿ ಕಾಲುವೆಯ ನೀರು ಕಾಣದ ಎರೆಯ ಹೊಲಗಳು ಇಂದಿಗೂ ಮುಗಿಲಿನ ಕಡೆಗೇ ಮುಖ ಮಾಡಿಕೊಂಡಿವೆ. ಯುಗಾದಿ ಬಂತೆಂದರೆ ಸಾಕು, ಕಟ್ಟೆಯ ಮೇಲೂ ಮಠದ ಅಂಗಳದಲ್ಲೂ ಅಡುಗೆಮನೆಯಲ್ಲೂ ಒಂದೇ ಪ್ರಶ್ನೆ: "ಈ ವರ್ಷ ಮಳಿ ಹ್ಯಾಂಗ?" ಈ ಪ್ರಶ್ನೆಗೆ ಉತ್ತರ ಹೇಳುವವರಿಗೆ ಕೊರತೆಯಿಲ್ಲ. ಪಂಚಾಂಗ ಹೇಳುತ್ತದೆ, ಕಾರಣಿಕ ಹೇಳುತ್ತದೆ, ದೂರದರ್ಶನ ಹೇಳುತ್ತದೆ, ಈಗೀಗ ಕೈಯೊಳಗಿನ ಫೋನೂ ಹೇಳುತ್ತದೆ.

ಆದರೆ ಇನ್ನೊಂದು ಪ್ರಶ್ನೆಯನ್ನು ಕೇಳಿ ನೋಡಿರಿ. "ಹೋದ ವರ್ಷ ನಿಮ್ಮ ಹೊಲದಲ್ಲಿ ಎಷ್ಟು ಮಳೆಯಾಯಿತು? ಮೃಗಶಿರಾದಲ್ಲಿ ಎಷ್ಟು, ಹಸ್ತದಲ್ಲಿ ಎಷ್ಟು?" ಎಂದರೆ ಹೆಚ್ಚಿನವರ ಉತ್ತರ "ಚಲೋ ಆಗಿತ್ತು", ಇಲ್ಲವೆ "ಭಾಳ ಕಡಿಮಿ" ಎನ್ನುವಲ್ಲಿಗೆ ಮುಗಿಯುತ್ತದೆ. ಬರಲಿರುವ ಮಳೆಯ ಬಗೆಗೆ ಇಷ್ಟೊಂದು ಕುತೂಹಲವುಳ್ಳ ನಾವು ಬಂದುಹೋದ ಮಳೆಯ ಲೆಕ್ಕವನ್ನು ಇಟ್ಟುಕೊಳ್ಳುವುದಿಲ್ಲ. ಅಂಗಡಿಯ ಉದ್ರಿಯನ್ನು ಪೈಸೆ ಪೈಸೆಗೆ ಬರೆದಿಡುವ ಮನೆಗಳಲ್ಲಿಯೂ ವರ್ಷದ ಅನ್ನವನ್ನು ನಿರ್ಧರಿಸುವ ಮಳೆಗೆ ಒಂದು ಪುಟವಿಲ್ಲ. ಈ ಕೊರತೆಯನ್ನು ಪ್ರತಿಯೊಂದು ಮನೆಯೂ ಅತ್ಯಲ್ಪ ಖರ್ಚಿನಲ್ಲಿ ತುಂಬಿಕೊಳ್ಳಬಹುದು ಎಂಬುದನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಳೆಯ ನಕ್ಷತ್ರಗಳೆಂಬ ಕಾಲಗಣನೆ

ನಮ್ಮ ಹಿರಿಯರು ಮಳೆಯನ್ನು ತಿಂಗಳುಗಳಿಂದ ಗುರುತಿಸಲಿಲ್ಲ, ನಕ್ಷತ್ರಗಳಿಂದ ಗುರುತಿಸಿದರು. ಸೂರ್ಯನು ವರ್ಷವೊಂದರಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆಂದು ಎಣಿಸಿದರೆ ಒಂದೊಂದಕ್ಕೆ ಸುಮಾರು ಹದಿಮೂರೂವರೆ ದಿನ ಬರುತ್ತದೆ. ಈಗಿನ ಲೆಕ್ಕದಲ್ಲಿ ರೋಹಿಣಿ ಮಳೆಯು ಮೇ 25ರ ಸುಮಾರಿಗೆ, ಮೃಗಶಿರಾ ಜೂನ್ 8ಕ್ಕೆ, ಆರಿದ್ರಾ ಜೂನ್ 22ಕ್ಕೆ, ಪುನರ್ವಸು ಜುಲೈ 6ಕ್ಕೆ ಕೂಡುತ್ತವೆ. ಅನಂತರ ಪುಷ್ಯ, ಆಶ್ಲೇಷಾ, ಮಘಾ, ಹುಬ್ಬಾ, ಉತ್ತರೆಗಳು ಸಾಲಾಗಿ ಬಂದು, ಸೆಪ್ಟೆಂಬರ್ 27ರ ಸುಮಾರಿಗೆ ಹಸ್ತ, ಅಕ್ಟೋಬರ್ ಎರಡನೆಯ ವಾರದಲ್ಲಿ ಚಿತ್ತೆ, ಕೊನೆಯ ವಾರದಲ್ಲಿ ಸ್ವಾತಿ ಕಾಲಿಡುತ್ತವೆ. ಭರಣಿ ಮಳೆಯಾದರೆ ಧರಣಿಯೆಲ್ಲ ಬೆಳೆ, ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ, ಮಘೆ ಮಳೆ ಬಂದಷ್ಟೇ ಲೇಸು ಮನೆಮಗ ಉಂಡಷ್ಟೇ ಲೇಸು ಎಂಬ ಗಾದೆಗಳು ಈ ಲೆಕ್ಕದ ಮೇಲೆಯೇ ಹುಟ್ಟಿದವು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಬಸವಾದಿ ಶರಣರು ತಿಥಿ, ವಾರ, ನಕ್ಷತ್ರಗಳ ಶುಭಾಶುಭವನ್ನು ಒಪ್ಪಿದವರಲ್ಲ. ಹಾಗಿರುವಾಗ ಶರಣರ ಸಂತತಿಯಾದ ನಾವು ನಕ್ಷತ್ರದ ಹೆಸರು ಹಿಡಿದು ಬಿತ್ತುವುದು ಸರಿಯೆ? ನಮ್ಮ ವಿಚಾರದಲ್ಲಿ ಇವೆರಡೂ ಬೇರೆ ಬೇರೆ. ನಕ್ಷತ್ರವು ಮನುಷ್ಯನ ಹಣೆಬರಹವನ್ನು ನಿರ್ಣಯಿಸುತ್ತದೆ ಎಂಬುದು ನಂಬಿಕೆ. ಸೂರ್ಯನು ಇಂತಹ ಸ್ಥಾನದಲ್ಲಿರುವಾಗ ನಮ್ಮ ಭಾಗದಲ್ಲಿ ಸಾಮಾನ್ಯವಾಗಿ ಇಂತಹ ಮಳೆಯಾಗುತ್ತದೆ ಎಂಬುದು ತಲೆತಲಾಂತರದ ಅವಲೋಕನ. ಮೊದಲನೆಯದನ್ನು ಶರಣರು ತಿರಸ್ಕರಿಸಿದರು. ಎರಡನೆಯದು ಒಕ್ಕಲಿಗ ಮುದ್ದಣ್ಣನಂತಹ, ಹೊಲವನ್ನೇ ಕಾಯಕದ ನೆಲೆಯಾಗಿ ಮಾಡಿಕೊಂಡಿದ್ದ ಶರಣರಿಗೂ ನಿತ್ಯದ ಅನುಭವವಾಗಿದ್ದಿರಬೇಕು.

ಆದರೆ ಅವಲೋಕನಕ್ಕೆ ಒಂದು ಗುಣವುಂಟು: ಅದನ್ನು ಆಗಾಗ ಪರೀಕ್ಷಿಸುತ್ತಲೇ ಇರಬೇಕು. ಭೂಮಿಯ ಅಕ್ಷವು ಬುಗುರಿಯಂತೆ ಬಹು ನಿಧಾನವಾಗಿ ತೊನೆಯುವುದರಿಂದ ನಕ್ಷತ್ರದ ಲೆಕ್ಕಕ್ಕೂ ಋತುವಿನ ಲೆಕ್ಕಕ್ಕೂ ಸುಮಾರು 70 ವರ್ಷಗಳಿಗೆ ಒಂದು ದಿನದಷ್ಟು ಅಂತರ ಬೀಳುತ್ತ ಹೋಗುತ್ತದೆ. ಹನ್ನೆರಡನೆಯ ಶತಮಾನದಿಂದ ಇಲ್ಲಿಯವರೆಗೆ ಈ ಅಂತರ ಸುಮಾರು ಹನ್ನೆರಡು ದಿನಗಳಾಯಿತು. ಅಂದರೆ ಹೆಚ್ಚುಕಡಿಮೆ ಒಂದು ಮಳೆಯ ಅವಧಿ. ಇಂದು ನಾವು ಮೃಗಶಿರಾ ಎನ್ನುವ ದಿನಗಳ ಋತುವು ಕಲ್ಯಾಣದ ಶರಣರ ಕಾಲದಲ್ಲಿ ಬಹುಮಟ್ಟಿಗೆ ಆರಿದ್ರೆಯ ಋತುವಾಗಿತ್ತು. ಗಾದೆಯು ಎಷ್ಟು ಹಳೆಯದೋ ಅಷ್ಟರಮಟ್ಟಿಗೆ ಅದರ ಮಳೆ ಹೆಸರು ಬದಲಿಸಿದೆ. ಇಂದಿನ ಮಳೆಗೆ ಇಂದಿನ ಲೆಕ್ಕವೇ ಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಮುನ್ನುಡಿಯುವ ಸಂಪ್ರದಾಯಗಳು

ಮುಂದಿನ ಮಳೆಯನ್ನು ತಿಳಿಯುವ ಹಂಬಲ ನಮ್ಮ ಹಬ್ಬ ಜಾತ್ರೆಗಳಲ್ಲಿಯೂ ಬೆರೆತಿದೆ. ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುವಾಗ ಬಿಳಿಯ ಎತ್ತು ಮುಂದಾದರೆ ಬಿಳಿಯ ಧಾನ್ಯ, ಕೆಂದೆತ್ತು ಮುಂದಾದರೆ ಕೆಂಪು ಧಾನ್ಯ ಚೆನ್ನಾಗಿ ಬೆಳೆಯುತ್ತದೆಂದು ಊರವರು ನಲಿಯುತ್ತಾರೆ. ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಕೇಳಲು ಜನಸಾಗರವೇ ಸೇರುತ್ತದೆ. ವಿಜಯಪುರ ಜಿಲ್ಲೆಯ ಬಬಲಾದಿ ಮಠದ ಕಾಲಜ್ಞಾನದ ಮಾತುಗಳಲ್ಲಿ ಮಳೆ ಬೆಳೆಯ ಸಂಗತಿಯನ್ನು ಹುಡುಕುವ ಭಕ್ತರು ಅನೇಕರಿದ್ದಾರೆ. ವರಾಹಮಿಹಿರನ ಬೃಹತ್ಸಂಹಿತೆಯಂತೂ ಮೋಡಗಳು ಗರ್ಭ ಧರಿಸಿದ 195 ದಿನಗಳಿಗೆ ಮಳೆಯಾಗಿ ಹೆರುತ್ತವೆಂದು ಹೇಳಿ, ಅದರ ಲಕ್ಷಣಗಳನ್ನು ಅಧ್ಯಾಯಗಟ್ಟಲೆ ವಿವರಿಸಿದೆ.

ಇವುಗಳನ್ನು ಹಗುರವಾಗಿ ಕಾಣುವುದು ನಮ್ಮ ಇಚ್ಛೆಯಲ್ಲ. ಬಿತ್ತುವ ಮುನ್ನ ಊರೆಲ್ಲ ಒಂದೆಡೆ ಸೇರಿ ಧೈರ್ಯ ತಂದುಕೊಳ್ಳುವ ಸಂದರ್ಭಗಳಿವು. ಧೈರ್ಯ ಬೇರೆ, ತಿಳಿವಳಿಕೆ ಬೇರೆ. ಕೆಂದೆತ್ತು ಮುಂದೋಡಿದ ವರ್ಷಗಳಲ್ಲಿ ಯಾವ ಬೆಳೆ ಎಷ್ಟು ಬಂತೆಂದು ಒಬ್ಬರಾದರೂ ಇಪ್ಪತ್ತು ವರ್ಷ ಬರೆದಿಟ್ಟಿದ್ದರೆ ಈ ಮಾತಿನ ಹುರುಳು ಎಂದೋ ತಿಳಿದುಬಿಡುತ್ತಿತ್ತು. ನಿಜವಾದ ಭವಿಷ್ಯವನ್ನು ನಾವು ನೆನಪಿಡುತ್ತೇವೆ, ಹುಸಿಯಾದುದನ್ನು ಮರೆಯುತ್ತೇವೆ. ಮನುಷ್ಯನ ಸ್ಮರಣೆಯ ಸ್ವಭಾವವೇ ಅದು. ಕಾಗದಕ್ಕೆ ಮಾತ್ರ ಮರೆವಿಲ್ಲ.

ಬರಗಾಲದ ನೆರಳಿನಲ್ಲಿ ಬೆಳೆದ ಶಾಸ್ತ್ರ

ಇಂದಿನ ಹವಾಮಾನ ಶಾಸ್ತ್ರದ ಮುಂಗಾರಿನ ಮುನ್ಸೂಚನೆಗೂ ನಮ್ಮ ನೆಲಕ್ಕೂ ಒಂದು ದುಃಖದ ನಂಟಿದೆ. 1876ರಿಂದ 1878ರವರೆಗಿನ ಭೀಕರ ಬರಗಾಲವು ದಕ್ಷಿಣ ಭಾರತವನ್ನೂ ದಖ್ಖನ್ನಿನ ಭಾಗಗಳನ್ನೂ ಸುಟ್ಟಿತು. ಅಂದಿನ ಮುಂಬಯಿ ಪ್ರಾಂತದಲ್ಲಿದ್ದ ವಿಜಯಪುರ, ಧಾರವಾಡ ಜಿಲ್ಲೆಗಳೂ, ಮೈಸೂರು ಸಂಸ್ಥಾನವೂ ಅದಕ್ಕೆ ಬಲಿಯಾದವು. ಭಾರತೀಯ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಗಿತ್ತು. ಬರದ ಬಳಿಕ, ಮಳೆಯ ಸೋಲನ್ನು ಮೊದಲೇ ತಿಳಿಯಲಾದೀತೇ ಎಂಬ ಪ್ರಶ್ನೆ ಅದರ ಮುಖ್ಯಸ್ಥರಾಗಿದ್ದ ಹೆನ್ರಿ ಬ್ಲಾನ್‌ಫೋರ್ಡ್ ಅವರ ಮುಂದೆ ನಿಂತಿತು. ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ಕುಂದುತ್ತದೆಂಬ ಅವಲೋಕನವನ್ನಾಧರಿಸಿ ಅವರು 1886ರಿಂದ ಪ್ರತಿವರ್ಷದ ಮುನ್ಸೂಚನೆಯನ್ನು ಆರಂಭಿಸಿದರು. 1904ರಿಂದ 1924ರವರೆಗೆ ಇಲಾಖೆಯನ್ನು ನಡೆಸಿದ ಗಿಲ್ಬರ್ಟ್ ವಾಕರ್ ಅವರು ಜಗತ್ತಿನ ನಾನಾ ಕಡೆಯ ದಾಖಲೆಗಳನ್ನು ಹೋಲಿಸುತ್ತ ಕುಳಿತು, ಪೆಸಿಫಿಕ್ ಸಾಗರದ ಮೇಲಣ ವಾಯುಭಾರವೂ ಹಿಂದೂ ಮಹಾಸಾಗರದ ಕಡೆಯ ವಾಯುಭಾರವೂ ತಕ್ಕಡಿಯ ಎರಡು ತಟ್ಟೆಗಳಂತೆ ಏರಿಳಿಯುವುದನ್ನು ಗುರುತಿಸಿದರು. ಇಂದು ಎಲ್ಲರ ಬಾಯಲ್ಲಿರುವ ಎಲ್ ನಿನೊ ಎಂಬ ಪೆಸಿಫಿಕ್ ಸಾಗರದ ಕಾವು ಈ ತಕ್ಕಡಿಯ ಜೊತೆಗೆ ಹೆಣೆದುಕೊಂಡಿರುವ ಸಂಗತಿ.

ಬ್ಲಾನ್‌ಫೋರ್ಡ್ ಆಗಲಿ ವಾಕರ್ ಆಗಲಿ ದಿವ್ಯದೃಷ್ಟಿಯುಳ್ಳವರಾಗಿರಲಿಲ್ಲ. ಅವರಿಗೆ ಆಧಾರವಾದುದು ಎಲ್ಲೆಲ್ಲಿಯೋ ಕುಳಿತು ದಿನದಿನವೂ ಮಳೆಯನ್ನು, ಗಾಳಿಯ ಒತ್ತಡವನ್ನು ಅಳೆದು ಬರೆದಿಟ್ಟ ಹೆಸರಿಲ್ಲದ ಜನರ ಶ್ರಮ. ಬರೆಯುವವನ ಕಾಯಕವೇ ಮೊದಲು, ಭವಿಷ್ಯ ಹೇಳುವವನ ಮಾತು ಅನಂತರ.

ದೇಶದ ಸರಾಸರಿಯೂ ನಮ್ಮ ಹೊಲವೂ

ಹವಾಮಾನ ಇಲಾಖೆಯು ಏಪ್ರಿಲ್ ತಿಂಗಳಲ್ಲಿ ಒಮ್ಮೆ, ಮೇ ಕೊನೆಗೆ ಮತ್ತೊಮ್ಮೆ ಮುಂಗಾರಿನ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶಕ್ಕೆ ಸರಾಸರಿ 87 ಸೆಂಟಿಮೀಟರ್ ಮಳೆ, ಅದರ ಶೇ. 96ರಿಂದ 104ರಷ್ಟಾದರೆ ಸಾಧಾರಣ ಮುಂಗಾರು ಎಂದು ಎಣಿಕೆ. ಈ ಮುನ್ಸೂಚನೆ ಕೆಲವೊಮ್ಮೆ ತಪ್ಪುವುದುಂಟು. 2002ರಲ್ಲಿ ಶೇ. 101ರಷ್ಟು ಮಳೆಯೆಂದು ಹೇಳಲಾಗಿತ್ತು. ಜುಲೈ ತಿಂಗಳು ಒಣಗಿಹೋಗಿ ಕೊನೆಗೆ ಆದದ್ದು ಶೇ. 81 ಮಾತ್ರ. ಕೆಲವೊಮ್ಮೆ ಚೆನ್ನಾಗಿ ಹೊಂದುವುದೂ ಉಂಟು. 2024ರಲ್ಲಿ ಶೇ. 106 ಎಂದರು, ಶೇ. 108 ಆಯಿತು. ಎಲ್ ನಿನೊ ಎಂದೊಡನೆ ಬರವೆಂದು ಎದೆಗುಂದಬೇಕಾಗಿಯೂ ಇಲ್ಲ. 1997ರಲ್ಲಿ ಅತಿ ಪ್ರಬಲವಾದ ಎಲ್ ನಿನೊ ಇದ್ದರೂ ದೇಶದ ಮುಂಗಾರು ಸಾಧಾರಣವಾಗಿಯೇ ಸುರಿಯಿತು.

ನಮಗೆ ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ದೇಶದ ಮುನ್ಸೂಚನೆ ನಿಜವಾದಾಗಲೂ ಅದು ನಮ್ಮ ಹೊಲದ ಮಾತಾಗಬೇಕೆಂದಿಲ್ಲ. 2023ರಲ್ಲಿ ದೇಶಕ್ಕೆ ಶೇ. 94ರಷ್ಟು ಮಳೆಯಾಯಿತು, ಸಾಧಾರಣಕ್ಕಿಂತ ತುಸುವೇ ಕಡಿಮೆ. ಆದರೆ ಅದೇ ವರ್ಷ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಆ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್ ಎನಿಸಿತು. 2009ರ ಕಥೆ ಇದಕ್ಕೆ ವಿರುದ್ಧ. ದೇಶದ ಮುಂಗಾರು ಶೇ. 78ಕ್ಕೆ ಕುಸಿದು ಎಲ್ಲೆಡೆ ಬರದ ಮಾತೇ ಆಗಿತ್ತು. ಅಂತಹ ವರ್ಷದಲ್ಲಿಯೇ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲ ದಿನಗಳಲ್ಲಿ, ಹಸ್ತ ಮಳೆಯು ಉತ್ತರ ಕರ್ನಾಟಕದ ಮೇಲೆ ಮುಗಿಲು ಹರಿದಂತೆ ಸುರಿದು ಇನ್ನೂರಕ್ಕೂ ಹೆಚ್ಚು ಜೀವಗಳನ್ನು ಒಯ್ದಿತು. ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು.

ಜಿಲ್ಲೆಯೊಳಗೂ ಇದೇ ಬಗೆ. ಧಾರವಾಡ ಜಿಲ್ಲೆಯಲ್ಲಿಯೇ ಮಲೆನಾಡಿನ ಸೆರಗಿನ ಅಳ್ನಾವರದ ಮಳೆ ಬೇರೆ, ಬೆಳವಲದ ನವಲಗುಂದದ ಮಳೆ ಬೇರೆ. ಗುಡುಗಿನ ಮೋಡವೊಂದು ಊರಿನ ಪಡುವಣ ಹೊಲಗಳನ್ನು ತೋಯಿಸಿ ಮೂಡಣ ಹೊಲಗಳನ್ನು ಒಣಗಿಸಿಯೇ ಹೋಗುವುದನ್ನು ಕಾಣದ ರೈತನಿಲ್ಲ. ನಮ್ಮ ಹೊಲದ ಲೆಕ್ಕವನ್ನು ನಮ್ಮ ಪರವಾಗಿ ದೆಹಲಿಯಲ್ಲಿ ಯಾರೂ ಇಡಲಾರರು.

ಸರಕಾರದ ಕಡೆಯಿಂದ ಕೆಲಸವಾಗಿಲ್ಲವೆಂದಲ್ಲ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿ ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆನಿಸಿರುವ ಸಂಸ್ಥೆಯು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನಾಗಿಯೇ ಅಳೆದು ಸುದ್ದಿ ಕಳಿಸುವ ಮಳೆಮಾಪಕಗಳನ್ನು ಸ್ಥಾಪಿಸಿದೆ. ಇಷ್ಟು ದಟ್ಟವಾದ ಜಾಲವು ನಮ್ಮ ರಾಜ್ಯದ ಹೆಮ್ಮೆ. ಆದರೂ ಒಂದು ಪಂಚಾಯಿತಿಗೆ ಹಲವು ಹಳ್ಳಿಗಳು, ಒಂದು ಹಳ್ಳಿಗೆ ನೂರಾರು ಹೊಲಗಳು. ಯಂತ್ರ ನಿಂತ ಜಾಗಕ್ಕೂ ನಮ್ಮ ಬದುವಿಗೂ ನಡುವೆ ಉಳಿಯುವ ಅಂತರವನ್ನು ತುಂಬಬೇಕಾದವರು ನಾವೇ.

ಅಳೆಯುವ ಬಗೆ

ಮಳೆಯನ್ನು ಅಳೆಯುವುದು ನಮಗೆ ಹೊಸದಲ್ಲ. ಧಾನ್ಯದ ಕೋಠಿಯ ಮುಂದೆ ಒಂದು ಮೊಳ ಅಗಲದ ಬಾಯಿಯುಳ್ಳ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವೇ ವಿಧಿಸಿದೆ. ಅದಕ್ಕೆ ಇಂದು ಬೇಕಾಗುವ ಸಾಮಗ್ರಿ ಅಡುಗೆಮನೆಯಲ್ಲಿಯೇ ಇದೆ.

ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಸ್ಟೀಲಿನ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು, ಮರುದಿನ ಅದರೊಳಗೆ ನಿಂತ ನೀರಿನ ಎತ್ತರವನ್ನು ಅಡಿಪಟ್ಟಿಯಿಂದ ಅಳೆದರೆ ಆಯಿತು. ನೀರು ಒಂದು ಸೆಂಟಿಮೀಟರ್ ನಿಂತಿದ್ದರೆ ಹತ್ತು ಮಿಲಿಮೀಟರ್ ಮಳೆ. ಡಬ್ಬಿ ಸಣ್ಣದಿರಲಿ ದೊಡ್ಡದಿರಲಿ, ಎತ್ತರ ಒಂದೇ ಬರುತ್ತದೆ. ಬಕೆಟ್ಟಿನಂತೆ ಕೆಳಗೆ ಕಿರಿದಾಗುವ ಪಾತ್ರೆ ಮಾತ್ರ ಈ ಕೆಲಸಕ್ಕೆ ಬಾರದು.

ಸಣ್ಣ ಮಳೆಯನ್ನೂ ಸರಿಯಾಗಿ ತಿಳಿಯಬೇಕೆನ್ನುವವರು 16 ಸೆಂಟಿಮೀಟರ್ ಬಾಯಿಯ ಲಾಳಿಕೆಯನ್ನು ಬಾಟಲಿಯೊಂದರ ಮೇಲೆ ಕೂರಿಸಬಹುದು. ಅದರ ಬಾಯಿಯ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್ ಆಗುವುದರಿಂದ ಬಾಟಲಿಯಲ್ಲಿ ಕೂಡಿದ ಪ್ರತಿ 20 ಮಿಲಿಲೀಟರ್ ನೀರಿಗೆ ಒಂದು ಮಿಲಿಮೀಟರ್ ಮಳೆಯೆಂದು ಲೆಕ್ಕ. ನೀರನ್ನು ಅಳೆಯಲು ಔಷಧದ ಅಳತೆಯ ಲೋಟ, ಇಲ್ಲವೆ ಸೂಜಿಯಿಲ್ಲದ ಸಿರಿಂಜು ಸಾಕು. ಲಾಳಿಕೆಯಿದ್ದರೆ ನೀರು ಬಿಸಿಲಿಗೆ ಆವಿಯಾಗುವುದೂ ಕಡಿಮೆ.

ಪಾಲಿಸಬೇಕಾದ ನಿಯಮಗಳು ಕೆಲವೇ. ಮಾಪಕವನ್ನು ಮರ, ಗೋಡೆ, ಸೂರುಗಳಿಂದ ಅವುಗಳ ಎತ್ತರದ ಎರಡು ಪಟ್ಟಾದರೂ ದೂರದಲ್ಲಿಡಬೇಕು. ಅದರ ಬಾಯಿ ನೆಲದಿಂದ ಸುಮಾರು ಒಂದು ಅಡಿ ಮೇಲಿದ್ದು ಸಮತಲವಾಗಿರಬೇಕು. ಗಾಳಿಗೆ ಉರುಳದಂತೆ ಕಲ್ಲು ಕೊಟ್ಟು ನಿಲ್ಲಿಸಬೇಕು. ಎಲ್ಲಕ್ಕೂ ಮುಖ್ಯವಾಗಿ, ದಿನವೂ ಒಂದೇ ಹೊತ್ತಿಗೆ ನೋಡಬೇಕು. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಗಳ ಮಳೆಯನ್ನು ಆ ದಿನದ ತಾರೀಖಿಗೆ ಬರೆಯುತ್ತಾರೆ. ನಾವೂ ಅದೇ ಹೊತ್ತನ್ನು ಇಟ್ಟುಕೊಂಡರೆ ನಮ್ಮ ಲೆಕ್ಕವನ್ನು ಅವರ ಲೆಕ್ಕದೊಡನೆ ಹೋಲಿಸಬಹುದು. ಬೆಳಗಿನ ಇಷ್ಟಲಿಂಗ ಪೂಜೆ ಮುಗಿಸಿ ಎದ್ದವರಿಗೆ ಇದು ಐದು ನಿಮಿಷದ ಕೆಲಸ. ಮನೆಯ ಗೃಹಿಣಿಯೋ ಶಾಲೆಗೆ ಹೊರಟ ಮಗುವೋ ಇದನ್ನು ನಡೆಸಿಕೊಂಡು ಹೋಗಬಹುದು.

ಮಳೆಯಿಲ್ಲದ ದಿನ ಸೊನ್ನೆಯನ್ನು ಬರೆಯಲೇಬೇಕು. ಊರಿಗೆ ಹೋಗಿ ಅಳೆಯದೆ ಉಳಿದ ದಿನಕ್ಕೆ ಸೊನ್ನೆ ಹಾಕದೆ, ಅಳೆದಿಲ್ಲವೆಂದು ಗುರುತು ಮಾಡಬೇಕು. ಶೂನ್ಯಕ್ಕೂ ಅರ್ಥವುಂಟೆಂದು ಬಲ್ಲ ಪರಂಪರೆ ನಮ್ಮದು. ಸಾಲುಸಾಲಾಗಿ ನಿಂತ ಸೊನ್ನೆಗಳೇ ಬರದ ಸಾಕ್ಷಿಗಳು.

ಆಕಾಶದ ಗುರುತುಗಳು

ಮಳೆಯ ಅಂಕಿಯ ಪಕ್ಕದಲ್ಲಿ ಒಂದೆರಡು ಮಾತುಗಳನ್ನೂ ಬರೆದಿಡುವುದು ಒಳ್ಳೆಯದು: ಗಾಳಿ ಯಾವ ದಿಕ್ಕಿನದು, ಗುಡುಗಿತೇ, ಮೋಡ ಎಂತಹದು, ಬೇವು ಎಂದು ಹೂ ಬಿಟ್ಟಿತು, ಮಾವು ಎಂದು ಚಿಗುರಿತು, ಇರುವೆಗಳು ಎಂದು ತತ್ತಿ ಹೊತ್ತು ಸಾಲುಗಟ್ಟಿದವು ಎಂಬುದನ್ನೆಲ್ಲ. ಹಿರಿಯರು ಹೇಳುವ ಗುರುತುಗಳಲ್ಲಿ ಕೆಲವಕ್ಕೆ ಕಾರಣವೂ ತಿಳಿದಿದೆ. ಚಂದ್ರನ ಸುತ್ತ ಕಾಣುವ ದೊಡ್ಡ ಬಳೆಯು ಬಹು ಎತ್ತರದ ತೆಳುಮೋಡದ ಹಿಮದ ಹರಳುಗಳಲ್ಲಿ ಬೆಳಕು ಬಾಗುವುದರಿಂದ ಆಗುವಂಥದು. ಇಂತಹ ಮೋಡ ಕೆಲವೊಮ್ಮೆ ಮಳೆಯ ಮುಂಗಾಮಿಯಾಗಿ ಬರುತ್ತದೆ. ಗಡಿಗೆಯೊಳಗಿನ ಉಪ್ಪು ನೀರೊಡೆಯುವುದು ಗಾಳಿಯಲ್ಲಿ ತೇವ ಹೆಚ್ಚಿದುದರ ಗುರುತು. ಇವೆಲ್ಲ ಒಂದೆರಡು ದಿನಗಳ ಮಾತು. ಇಡೀ ಹಂಗಾಮಿನ ಭವಿಷ್ಯವನ್ನು ಇವುಗಳಿಂದ ಹೇಳಲಾಗದು. ಉಳಿದ ಗುರುತುಗಳಲ್ಲಿ ಯಾವುದು ನಮ್ಮ ಊರಿಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬುದನ್ನು ನಾಲ್ಕಾರು ವರ್ಷಗಳ ಬರವಣಿಗೆಯೇ ಹೇಳಿಕೊಡುತ್ತದೆ.

ಲೆಕ್ಕದಿಂದ ಆಗುವ ಲಾಭ

ಮೊದಲನೆಯದು ಬಿತ್ತನೆಯ ನಿರ್ಧಾರ. ಒಣಬೇಸಾಯದಲ್ಲಿ ರೈತನ ಸೋಲು ಗೆಲುವು ಬಹುಮಟ್ಟಿಗೆ ಕೂರಿಗೆ ಹೂಡಿದ ದಿನವೇ ನಿಶ್ಚಯವಾಗುತ್ತದೆ. ಮೋಡ ಕವಿದು ಮೂರು ದಿನ ಜಿಟಿಜಿಟಿ ಹನಿದರೆ ಭಾರಿ ಮಳೆಯಾಯಿತೆಂದು ಮನಸ್ಸು ಹಿಗ್ಗುತ್ತದೆ. ಉದಾಹರಣೆಗೆ, ಮಾಪಕವು ಆ ಮೂರು ದಿನಗಳಲ್ಲಿ 6, 4, 11 ಮಿಲಿಮೀಟರ್ ತೋರಿಸಿದರೆ ಒಟ್ಟು 21 ಮಾತ್ರ. ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಯ ಭೂಮಿಗೆ ಅದು ಗುಟುಕು ನೀರು. ಆಗ ಹೊಲಕ್ಕೆ ಹೋಗಿ ಅಗೆದು ನೋಡಿ, ಹಸಿ ಎಷ್ಟು ಆಳಕ್ಕಿಳಿದಿದೆ ಎಂಬುದನ್ನೂ ಅಂಕಿಯ ಪಕ್ಕ ಬರೆದುಕೊಂಡರೆ, ನಮ್ಮ ಭೂಮಿಗೆ ಎಷ್ಟು ಮಳೆಯಾದರೆ ಹದ ಬರುತ್ತದೆ ಎಂಬುದು ಎರಡು ಮೂರು ವರ್ಷಗಳಲ್ಲಿ ತಾನಾಗಿ ತಿಳಿಯುತ್ತದೆ. ಎರೆಗೂ ಮಸಾರಿಗೂ ಈ ಅಂಕಿ ಒಂದೇ ಅಲ್ಲ. ಆದುದರಿಂದ ಬೇರೆಯವರ ಅಂಕಿಯನ್ನು ಎರವಲು ತರಲಾಗದು.

ಬೇಗ ಬಂದ ಮಳೆಯು ಬೇಗ ನಿಲ್ಲಲೂಬಹುದು. 2025ರಲ್ಲಿ ಮುಂಗಾರು ವಾಡಿಕೆಯ ಜೂನ್ 1ರ ಬದಲು ಮೇ 24ಕ್ಕೇ ಕೇರಳವನ್ನು ಮುಟ್ಟಿತು. ಆದರೆ ಮೇ ಕೊನೆಗೆ ಅದರ ಮುನ್ನಡೆ ನಿಂತು, ಜೂನ್ ಎರಡನೆಯ ವಾರದವರೆಗೆ ಬಿಡುವು ಬಿತ್ತು. ಮೊದಲ ಮಳೆಗೆ ಹೆಸರು ಬಿತ್ತಿ, ಮೊಳಕೆಯೊಡೆದ ಸಸಿ ಬಿಸಿಲಿಗೆ ಬಾಡಿ, ಮತ್ತೊಮ್ಮೆ ಬೀಜ ಗೊಬ್ಬರಗಳಿಗೆ ಸಾಲ ಮಾಡುವ ಸಂಕಟ ಎಷ್ಟೋ ಮನೆಗಳದು. ಅಂಗಳದ ಲೆಕ್ಕದೊಡನೆ ಹವಾಮಾನ ಇಲಾಖೆಯು ಮುಂದಿನ ಐದು ದಿನಗಳಿಗೆ ಕೊಡುವ ಮುನ್ಸೂಚನೆಯನ್ನು ಕೂಡಿಸಿ ನೋಡುವುದೇ ಇದಕ್ಕೆ ಮದ್ದು. ನೆಲದಲ್ಲಿ ಹಸಿ ಎಷ್ಟಿದೆ ಎಂದು ನಮ್ಮ ಪುಸ್ತಕ ಹೇಳುತ್ತದೆ. ಮುಂದೆ ಬರುವುದೇನೆಂದು ಇಲಾಖೆ ಹೇಳುತ್ತದೆ. ವಾರದಲ್ಲಿ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಪ್ರಕಟವಾಗುವ ಕೃಷಿ ಹವಾಮಾನ ಸಲಹೆಗಳೂ, ಮೇಘದೂತ್ ಎಂಬ ಫೋನಿನ ಸೌಲಭ್ಯವೂ ಇದಕ್ಕೆ ನೆರವಾಗುತ್ತವೆ. ದಿನಗಳು ಹೆಚ್ಚಿದಂತೆ ಮುನ್ಸೂಚನೆಯ ನಿಖರತೆ ಕುಂದುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಎರಡನೆಯದು ನೀರಿನ ಲೆಕ್ಕ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದು ಎಕರೆಗೆ ಸುಮಾರು 4,047 ಲೀಟರ್. 25 ಮಿಲಿಮೀಟರಿನ ಒಂದು ಮಳೆ ಎಕರೆಗೆ ಒಂದು ಲಕ್ಷ ಲೀಟರ್ ನೀರನ್ನು ಸುರಿದುಹೋಗುತ್ತದೆ. ಸಾವಿರ ಚದರಡಿಯ ಮಾಳಿಗೆಯ ಮೇಲೆ ಹತ್ತು ಮಿಲಿಮೀಟರ್ ಬಿದ್ದರೂ ಒಂಬೈನೂರು ಲೀಟರಿಗೆ ಮೀರಿ ನೀರು. ಬೇಸಿಗೆಯಲ್ಲಿ ಟ್ಯಾಂಕರಿಗೆ ಹಣ ತೆರುವ ಮನೆಯವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಿದರೆ ಬದು ಹಾಕುವ, ಕೃಷಿಹೊಂಡ ತೋಡುವ, ಮಾಳಿಗೆಯ ನೀರನ್ನು ತೊಟ್ಟಿಗಿಳಿಸುವ ಮಾತುಗಳು ಉಪದೇಶವೆನಿಸದೆ ಉಳಿತಾಯವೆನಿಸುತ್ತವೆ.

ಮೂರನೆಯದು ವಿಮೆ, ಪರಿಹಾರಗಳ ಸಂಗತಿ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಬೆಳೆಯ ಇಳುವರಿಯೂ, ತೋಟಗಾರಿಕೆಯ ಹಲವು ಬೆಳೆಗಳ ಹವಾಮಾನ ಆಧಾರಿತ ವಿಮೆಯಲ್ಲಿ ಮಾಪನ ಕೇಂದ್ರದ ಅಂಕಿಗಳೂ ಪರಿಹಾರವನ್ನು ನಿರ್ಣಯಿಸುತ್ತವೆ. ಮನೆಯ ಪುಸ್ತಕವು ಅಧಿಕೃತ ದಾಖಲೆಯಾಗದು, ನಿಜ. ಆದರೆ ಊರಿನ ಹತ್ತು ಮನೆಗಳ ಪುಸ್ತಕಗಳು ಒಂದೇ ಮಾತನ್ನು ಹೇಳುವಾಗ ಯಂತ್ರದ ಅಂಕಿ ಬೇರೆಯೇ ಇದ್ದರೆ, ಯಂತ್ರವನ್ನು ಪರೀಕ್ಷಿಸಿರೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲು ಅದು ಆಧಾರ. ಬರಿಗೈಯ ದೂರಿಗಿಂತ ತಾರೀಖು ಸಹಿತವಾದ ಅಂಕಿಗೆ ತೂಕ ಹೆಚ್ಚು. ಪ್ರವಾಹ, ಆಲಿಕಲ್ಲುಗಳಿಂದ ಬೆಳೆ ಹಾಳಾದಾಗ 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿರುವಾಗ, ಯಾವ ದಿನ ಏನಾಯಿತೆಂದು ಬರೆದಿಟ್ಟ ಮನೆ ತಡವರಿಸುವುದಿಲ್ಲ.

ಊರಿಗೊಂದು ಕಾಯಕ

ಇದು ಕೇವಲ ಕಲ್ಪನೆಯ ಮಾತಲ್ಲ. ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟದ ಮನೆಗಳಲ್ಲಿ ತಲೆಮಾರುಗಳಿಂದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ವಾಡಿಕೆಯಿದೆ. ಕಾಫಿಯ ಹೂ ಅರಳುವುದು ಬೇಸಿಗೆಯ ಹೂಮಳೆಯ ಮೇಲೆ ನಿಂತಿರುವುದರಿಂದ ಅಲ್ಲಿ ಲೆಕ್ಕವೂ ಕೃಷಿಯ ಭಾಗವೇ ಆಯಿತು. ಕೇರಳದ ಕೋಟ್ಟಯಂ ಜಿಲ್ಲೆಯ ಮೀನಚಿಲ್ ನದಿಯ ಕಣಿವೆಯಲ್ಲಿ ಸಾಮಾನ್ಯ ನಾಗರಿಕರೂ ಶಾಲೆಯ ಮಕ್ಕಳೂ ಮಳೆಯನ್ನು, ನದಿಯ ಮಟ್ಟವನ್ನು ಅಳೆದು ಪರಸ್ಪರ ತಿಳಿಸುತ್ತ ನೆರೆಯ ಮುನ್ನೆಚ್ಚರಿಕೆಗೆ ನೆರವಾಗಿದ್ದಾರೆ. ಮೇಲಿನ ಊರಿನಲ್ಲಿ ಅಳೆದ ಮಳೆ ಕೆಳಗಿನ ಊರಿಗೆ ಎಚ್ಚರಿಕೆಯಾಗುತ್ತದೆ. ಮಲಪ್ರಭೆ, ಘಟಪ್ರಭೆ, ಭೀಮೆ, ದೋಣಿಗಳ ದಂಡೆಯ ನಮ್ಮ ಊರುಗಳಲ್ಲಿ ಇಂತಹ ಏರ್ಪಾಡು ಏಕಾಗಬಾರದು?

ನಮ್ಮಲ್ಲಿ ಮಠಗಳಿವೆ, ಮಠಗಳು ನಡೆಸುವ ಶಾಲೆಗಳಿವೆ, ಅಕ್ಕನ ಬಳಗಗಳಿವೆ. ಊರಿನ ಮಠದ ಅಂಗಳದಲ್ಲಿ ಒಂದು ಮಾಪಕ, ಶಾಲೆಯ ಬಯಲಿನಲ್ಲಿ ಒಂದು, ನಾಲ್ಕು ದಿಕ್ಕಿನ ಹೊಲಮನೆಗಳಲ್ಲಿ ನಾಲ್ಕು ಮಾಪಕಗಳಿದ್ದರೆ ಊರಿನ ಮಳೆಯ ಚಿತ್ರ ಪೂರ್ಣವಾಗುತ್ತದೆ. ಬೆಳಿಗ್ಗೆ ಅಳೆದ ಅಂಕಿಯನ್ನು ಶಾಲೆಯ ಹಲಗೆಯ ಮೇಲೆ ಬರೆದರೆ ಹೊಲಕ್ಕೆ ಹೊರಟವರು ಓದಿಕೊಂಡು ಹೋಗುತ್ತಾರೆ. ಅಳೆಯುವುದು ಕಾಯಕವಾದರೆ, ಅಳೆದುದನ್ನು ಊರಿಗೆ ಹಂಚುವುದು ದಾಸೋಹ. ಮಕ್ಕಳಿಗೂ ಸರಾಸರಿ, ಶೇಕಡಾವಾರು, ನಕ್ಷೆಗಳೆಂಬ ಗಣಿತವು ಪುಸ್ತಕದಿಂದಿಳಿದು ಅಂಗಳಕ್ಕೆ ಬರುತ್ತದೆ.

ಒಂದು ಊರಿನ ಹವಾಗುಣ ಇಂತಹದೆಂದು ಹೇಳಲು ವಿಜ್ಞಾನಿಗಳು ವಾಡಿಕೆಯಾಗಿ ಮೂವತ್ತು ವರ್ಷಗಳ ದಾಖಲೆಯನ್ನು ಕೇಳುತ್ತಾರೆ. ಮೂವತ್ತು ವರ್ಷ ದೀರ್ಘವೆನಿಸಬಹುದು. ಮನೆಯ ಲೆಕ್ಕದಲ್ಲಿ ಅದು ಒಂದು ತಲೆಮಾರು. ಇಂದು ಮಗಳ ಕೈಯಿಂದ ಮೊದಲ ಅಂಕಿ ಬರೆಸಿದರೆ ಅವಳ ಮಗ ಅದೇ ಪುಸ್ತಕವನ್ನು ಮುಂದುವರಿಸಬಹುದು. ಐದು ವರ್ಷಗಳಿಗೆ ಅದು ಬಿತ್ತನೆಗೆ ಹೇಳಿಕೊಡಲಾರಂಭಿಸುತ್ತದೆ, ಹತ್ತು ವರ್ಷಗಳಿಗೆ ಯಾವ ಗಾದೆ ಈಗಲೂ ನಿಜವೆಂಬುದನ್ನು ತೋರಿಸುತ್ತದೆ, ಮೂವತ್ತು ವರ್ಷಗಳಿಗೆ ನಮ್ಮ ಊರಿನ ಮಳೆ ಬದಲಾಗಿದೆಯೇ ಎಂಬ ಪ್ರಶ್ನೆಗೆ ಯಾರನ್ನೂ ಕೇಳದೆ ಉತ್ತರ ಕೊಡುತ್ತದೆ.

ಮಳೆ ತರಿಸುವುದು ನಮ್ಮ ಕೈಯಲ್ಲಿಲ್ಲ. ಬಂದ ಮಳೆಯನ್ನು ಅಳೆದು, ಬರೆದು, ಅರಿತು ನಡೆಯುವುದು ನಮ್ಮ ಕೈಯಲ್ಲಿದೆ. ಒಂದು ಡಬ್ಬಿ, ಒಂದು ಅಡಿಪಟ್ಟಿ, ಒಂದು ನೋಟುಪುಸ್ತಕ ಇವಿಷ್ಟೇ ಇದರ ಬಂಡವಾಳ. ಮುಂದಿನ ಮಳೆ ಕೂಡುವ ಮುನ್ನ ಓದುಗ ಬಂಧುಗಳು ತಮ್ಮ ತಮ್ಮ ಅಂಗಳಗಳಲ್ಲಿ ಇದನ್ನು ಆರಂಭಿಸಲಿ ಎಂಬುದು ನಮ್ಮ ಹಾರೈಕೆ.